ಒರ್ಲ್ಯಾಂಡೊ ಟ್ರಿಪ್ಪಿಗೆ ಒಂದೇ ಹೋಟೆಲಾ, ಎರಡ್ಮೂರಾ? ಮುಂಬೈಯಿಂದ ಹೋಗೋ ನಮ್ಮವರಿಗೆ

ಮೇ ರಜೆಯಲ್ಲಿ ಅಮೆರಿಕದಲ್ಲಿರೋ ಮಗಳ ಮನೆಗೋ ಅಣ್ಣನ ಮನೆಗೋ ಹೋಗೋ ಮುಂಬೈ ಪುಣೆ ಕನ್ನಡದವರು ಅಲ್ಲಿಂದ ಒಂದು ವಾರ ಫ್ಲೋರಿಡಾದ ಒರ್ಲ್ಯಾಂಡೊ ಊರಿನ ಹತ್ತಿರ ಇರೋ ಡಿಸ್ನಿ ವರ್ಲ್ಡ್‌ಗೂ ಹೋಗ್ಬರೋದು ಈಗ ಮಾಮೂಲಿ, ನಮ್ಮ ಡೊಂಬಿವಲಿ ಬಿಲ್ಡಿಂಗಲ್ಲೇ ಎಷ್ಟೋ ಜನ ಹೋಗಿದ್ದಾರೆ. ಎಲ್ಲರೂ ಕೇಳೋ ಪ್ರಶ್ನೆ ಒಂದೇ, ಯಾವ ಹೋಟೆಲ್ ಒಳ್ಳೇದು ಅಂತ. ನನ್ನ ಉತ್ತರ ಯಾವಾಗ್ಲೂ ಒಂದೇ: ನೀವು ಹೋಗೋ ಪಾರ್ಕುಗಳು ಬೇರೆ ಬೇರೆ ಕಡೆ ಇರುವಾಗ ಒಂದೇ ಹೋಟೆಲ್ ಎಲ್ಲದಕ್ಕೂ ಒಳ್ಳೇದಾಗಿರೋಕೆ ಸಾಧ್ಯವಿಲ್ಲ, ಹಾಗಾಗಿ ಹಂಚಿ ಇರಿ, ಆದ್ರೆ ಪ್ರತಿ ಸಲ ಹೋಟೆಲ್ ಬದಲಾಯಿಸೋದಕ್ಕೂ ಒಂದು ಗಟ್ಟಿ ಕಾರಣ ಇರ್ಲಿ.

ಮೊದಲು ಜಾಗ ಎಷ್ಟು ದೊಡ್ಡದು ಅಂತ ತಲೆಯಲ್ಲಿ ಇಟ್ಕೊಳ್ಳಿ. ಖೊಪೋಲಿಯ ಇಮ್ಯಾಜಿಕಾ ಥೀಮ್ ಪಾರ್ಕಿಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರ್ತೀವಲ್ಲ, ಆ ಲೆಕ್ಕ ಇಲ್ಲಿ ನಡೆಯೋಲ್ಲ. 1971ರಲ್ಲಿ ಶುರುವಾದ ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 100 ಚದರ ಕಿಲೋಮೀಟರ್, ಅಂದ್ರೆ ಕೊಲಾಬಾದಿಂದ ಮಾಹಿಮ್-ಸಾಯನ್‌ವರೆಗಿನ ಹಳೇ ಮುಂಬೈಗಿಂತ ದೊಡ್ಡದು. ಒಳಗೆ 4 ಥೀಮ್ ಪಾರ್ಕು: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಯೂನಿವರ್ಸಲ್ ಅನ್ನೋ ಇನ್ನೊಂದು ಥೀಮ್ ಪಾರ್ಕುಗಳ ಜಾಗ ಬೇರೆ ಕಂಪನಿದು, ಡಿಸ್ನಿಯಿಂದ ಹೊರಗೆ, ಟ್ಯಾಕ್ಸಿಯಲ್ಲಿ ಹೋಗ್ಬೇಕು, ಅಲ್ಲಿ ಮೂರನೇ ದೊಡ್ಡ ಪಾರ್ಕು ಎಪಿಕ್ ಯೂನಿವರ್ಸ್ 2025ರ ಮೇ ತಿಂಗಳಲ್ಲಿ ತೆರೆದಿದೆ.

ಇನ್ನು ಕ್ರಮ. ಮೊದಲ ಹೋಟೆಲ್ ಅಗ್ಗದ್ದೇ ಇರ್ಲಿ, ಇದನ್ನ ನಾನು ಒತ್ತಿ ಹೇಳ್ತೀನಿ. ಮೇ ತಿಂಗಳಲ್ಲಿ ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅಲ್ಲಿ ಮಧ್ಯಾಹ್ನ 12 ಆದಾಗ ಇಲ್ಲಿ ರಾತ್ರಿ ಒಂಬತ್ತೂವರೆ, ಮುಂಬೈಯಿಂದ ಸೀದಾ ಒರ್ಲ್ಯಾಂಡೊಗೇ ಇಳಿದ್ರೆ ಮೊದಲ ಎರಡ್ಮೂರು ದಿನ ಮಕ್ಕಳು ಸಂಜೆಗೇ ತೂಕಡಿಸಿ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎದ್ದು ಕೂತಿರ್ತಾರೆ, ಅಂಥಾ ರಾತ್ರಿಗಳಿಗೆ ದುಬಾರಿ ರೂಮು ಯಾಕೆ ಬೇಕು ಹೇಳಿ. ಆದ್ರೆ ಆ ಬೇಗ ಏಳೋದು ಉಪಯೋಗಕ್ಕೆ ಬರುತ್ತೆ. ಡಿಸ್ನಿ ಹೋಟೆಲಲ್ಲಿ ಇದ್ದವರಿಗೆ, ಅದು ಎಷ್ಟೇ ಅಗ್ಗದ್ದಾಗಿರ್ಲಿ, ಪಾರ್ಕ್ ಎಲ್ಲರಿಗೂ ತೆರೆಯೋದಕ್ಕಿಂತ 30 ನಿಮಿಷ ಮುಂಚೆ ಒಳಗೆ ಬಿಡ್ತಾರೆ, ಆ ಅರ್ಧ ಗಂಟೆಯಲ್ಲಿ ಗರ್ದಿ ಬರೋ ಮುಂಚೆ ಒಂದು ದೊಡ್ಡ ರೈಡ್ ಮುಗಿಸ್ಬಹುದು.

ಅಗ್ಗದ ಸಾಲಿನ ಡಿಸ್ನಿ ಹೋಟೆಲುಗಳಲ್ಲಿ ನನಗೆ ಇಷ್ಟ ಪಾಪ್ ಸೆಂಚುರಿ ಮತ್ತು ಆರ್ಟ್ ಆಫ್ ಅನಿಮೇಶನ್, ಎರಡೂ ಪಕ್ಕಪಕ್ಕ, ಮಧ್ಯದಲ್ಲಿ ಸ್ಕೈಲೈನರ್ ಅನ್ನೋ ಕೇಬಲ್ ಕಾರ್ ಸ್ಟೇಷನ್ ಇದೆ. ಅದು 2019ರಲ್ಲಿ ಶುರುವಾಗಿದ್ದು, ಕೆರಿಬಿಯನ್ ಬೀಚ್ ಹೋಟೆಲ್ ಹತ್ತಿರ ಒಂದು ಸಲ ಕೇಬಲ್ ಕಾರ್ ಬದಲಾಯಿಸ್ಕೊಂಡ್ರೆ ಎಪ್ಕಾಟ್‌ಗೂ ಹೋಗುತ್ತೆ ಹಾಲಿವುಡ್ ಸ್ಟುಡಿಯೋಸ್‌ಗೂ ಹೋಗುತ್ತೆ. ಗುಡುಗು ಮಿಂಚು ಬಂದ್ರೆ ನಿಲ್ಲಿಸ್ತಾರೆ, ಆಗ ಬಸ್ಸು. ಸಾದಾ ರೂಮಲ್ಲಿ 4 ಜನ ಮಾತ್ರ, ಹಾಗಾಗಿ ಅಜ್ಜಿ ಜೊತೆಗಿದ್ರೆ ಆರ್ಟ್ ಆಫ್ ಅನಿಮೇಶನ್‌ನ ಫ್ಯಾಮಿಲಿ ಸ್ವೀಟ್ ಅನ್ನೋ ದೊಡ್ಡ ರೂಮು ನೋಡಿ, 6 ಜನ ಹಿಡಿಸುತ್ತೆ, ಎರಡು ಬಾತ್‌ರೂಮ್, ಮೈಕ್ರೋವೇವ್ ಕೂಡ ಇದೆ, ಮುಂಬೈಯಿಂದ ಒಯ್ದ ಉಪ್ಪಿಟ್ಟು ಮಿಕ್ಸ್‌ಗೆ ಬಿಸಿನೀರು ಹಾಕಿ ಬೆಳಿಗ್ಗೆ ತಿಂಡಿ ಮುಗಿಸ್ಬಹುದು. ಹೊರಗೆ ತಿನ್ನದ ಹಿರಿಯರು ಇದ್ದಾಗ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇಲ್ಲಿ ನಾಲ್ಕು ರಾತ್ರಿ ಇದ್ದು ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಮೂರೂ ಮುಗಿಸಿ.

ಎರಡನೇದು ಅನಿಮಲ್ ಕಿಂಗ್‌ಡಮ್ ಲಾಡ್ಜ್, ಎರಡು ರಾತ್ರಿ. ಇಡೀ ಟ್ರಿಪ್ಪಿನಲ್ಲಿ ದುಡ್ಡು ಬಿಚ್ಚೋದಿದ್ರೆ ಇಲ್ಲಿ ಬಿಚ್ಚಿ ಅಂತ ನಾನು ಹೇಳೋದು. ಬಾಲ್ಕನಿಯಿಂದ ನೋಡಿದ್ರೆ ಕೆಳಗೆ ಹುಲ್ಲುಗಾವಲಲ್ಲಿ ಜಿರಾಫೆ, ಜೀಬ್ರಾ ಮೇಯ್ತಾ ಇರ್ತಾವೆ, ಬುಕ್ ಮಾಡುವಾಗ ಸವಾನಾ ವ್ಯೂ ಅಂತಲೇ ಆರಿಸ್ಬೇಕು, ಸ್ಟ್ಯಾಂಡರ್ಡ್ ವ್ಯೂ ತಗೊಂಡ್ರೆ ರೂಮಿಂದ ಪ್ರಾಣಿ ಕಾಣೋ ಭರವಸೆ ಇಲ್ಲ, ಆಮೇಲೆ ಮಕ್ಕಳ ಮುಖ ನೋಡೋಕಾಗೋಲ್ಲ. ಆದ್ರೆ ಇಡೀ ವಾರ ಇಲ್ಲೇ ಇರೋದು ಬೇಡ ಅನ್ನೋದಕ್ಕೂ ಕಾರಣ ಇದೆ. ಈ ಹೋಟೆಲಿಗೆ ಬಸ್ ಬಿಟ್ರೆ ಬೇರೆ ಸಾರಿಗೆ ಇಲ್ಲ, ಮೋನೋರೈಲ್ ಇಲ್ಲ, ಕೇಬಲ್ ಕಾರ್ ಇಲ್ಲ, ಅನಿಮಲ್ ಕಿಂಗ್‌ಡಮ್ ಒಂದು ಹತ್ತಿರ, ಬಾಕಿ ಎಲ್ಲ ದೂರ. ಆ ಪಾರ್ಕು ಉಳಿದವಕ್ಕಿಂತ ಬೇಗ ಮುಚ್ಚುತ್ತೆ, ಅಂದ್ರೆ ಬೆಳಿಗ್ಗೆ ಪಾರ್ಕು, ಸಂಜೆ ಬೇಗ ವಾಪಸ್ ಬಂದು ಬಾಲ್ಕನಿ, ಈ ಜೋಡಿ ಇಲ್ಲಿ ಮಾತ್ರ ಸಿಗೋದು. ಅಜ್ಜಿಗೆ ಪಾರ್ಕ್ ಸುತ್ತೋಕಾಗೋಲ್ಲ ಅಂದ್ರೆ ಆ ದಿನದ ಟಿಕೆಟ್ ಉಳಿಸಿ, ಕೈಯಲ್ಲಿ ಕಾಫಿ ಕೊಟ್ಟು ಬಾಲ್ಕನಿಯಲ್ಲಿ ಕೂರ್ಸಿ, ಅವರಿಗೂ ಅದು ಪೂರ್ತಿ ದಿನದ ಖುಷಿ.

ಊಟದ ಲೆಕ್ಕದಲ್ಲೂ ಇದು ಸಸ್ಯಾಹಾರಿಗಳಿಗೆ ಒಳ್ಳೇ ಜಾಗ. ಇದರ ಕಿಡಾನಿ ವಿಲೇಜ್ ಕಟ್ಟಡದಲ್ಲಿ ಸನಾ ಅಂತ ರೆಸ್ಟೋರೆಂಟ್ ಇದೆ, ಆಫ್ರಿಕಾ ಮತ್ತು ಭಾರತ ಎರಡೂ ಕಡೆಯ ರುಚಿ, ನಾನ್ ಥರದ ರೊಟ್ಟಿಗಳ ಜೊತೆ ಬಗೆಬಗೆ ಚಟ್ನಿ ಕೊಡೋ ಬ್ರೆಡ್ ಸರ್ವಿಸ್ ಅಲ್ಲಿ ತುಂಬಾ ಫೇಮಸ್ಸು, ಕಿಟಕಿಯಾಚೆ ಪ್ರಾಣಿಗಳು. ನಾಲ್ಕು ದಿನ ಪಿಜ್ಜಾ, ಫ್ರೆಂಚ್ ಫ್ರೈಸ್ ತಿಂದ ಮೇಲೆ ಅದು ನಾಲಿಗೆಗೆ ಎಷ್ಟು ಹಿತ ಅಂತ ತಿಂದವರಿಗೇ ಗೊತ್ತು. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ, ಮೊದಲೇ ಮಾಡ್ಕೊಳ್ಳಿ.

ಹೋಟೆಲ್ ಬದಲಾಯಿಸೋ ದಿನ ಹೇಗೆ ಅನ್ನೋದೇ ಎಲ್ಲರ ಭಯ. ಒಂದು ಡಿಸ್ನಿ ಹೋಟೆಲಿಂದ ಇನ್ನೊಂದು ಡಿಸ್ನಿ ಹೋಟೆಲಿಗೆ ನಿಮ್ಮ ಸೂಟ್‌ಕೇಸನ್ನ ಅವರೇ ಸಾಗಿಸ್ತಾರೆ, ಅದಕ್ಕೆ ಚಾರ್ಜ್ ಇಲ್ಲ. ಬೆಳಿಗ್ಗೆ ಬೆಲ್ ಸರ್ವಿಸಸ್ ಕೌಂಟರಿಗೆ ಬ್ಯಾಗ್ ಕೊಟ್ಟು ಮುಂದಿನ ಹೋಟೆಲ್ ಹೆಸರು, ಬುಕಿಂಗ್ ಇರೋ ಹೆಸರು ಹೇಳಿ ಸೀದಾ ಪಾರ್ಕಿಗೆ ಹೋಗಿ, ಸಂಜೆ ಹೊಸ ಹೋಟೆಲಲ್ಲಿ ಕೇಳಿದ್ರೆ ಬ್ಯಾಗ್ ಅಲ್ಲಿರುತ್ತೆ. ಚೆಕ್‌ಔಟ್ 11 ಗಂಟೆಗೆ, ಚೆಕ್‌ಇನ್ ಮಧ್ಯಾಹ್ನ 3ಕ್ಕೆ, ರೂಮ್ ರೆಡಿ ಆದಾಗ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್‌ನಲ್ಲೇ ನಂಬರ್ ಬರುತ್ತೆ, ಎರಡೂ ಬುಕಿಂಗ್ ಒಂದೇ ಅಕೌಂಟಿಗೆ ಲಿಂಕ್ ಆಗಿದೆಯಾ ಅಂತ ಮೊದಲೇ ನೋಡ್ಕೊಂಡಿರಿ. ಪಾಸ್‌ಪೋರ್ಟ್, ಬಿಪಿ ಶುಗರ್ ಮಾತ್ರೆ, ಚಿನ್ನ, ಲ್ಯಾಪ್‌ಟಾಪ್ ಯಾವುದೂ ಆ ಸೂಟ್‌ಕೇಸಲ್ಲಿ ಬೇಡ. ಫ್ರಿಜ್‌ನ ಮೊಸರು ಹಾಲು ಅವರು ಸಾಗಿಸೋಲ್ಲ, ಹಿಂದಿನ ರಾತ್ರಿಯೇ ಖಾಲಿ ಮಾಡಿ. ಒಂದು ಸಣ್ಣ ಬ್ಯಾಗಲ್ಲಿ ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ, ಚಾರ್ಜರ್, ಮಾತ್ರೆ ಇಟ್ಕೊಂಡು ಅದನ್ನ ಮಾತ್ರ ಕೈಯಲ್ಲಿ ಹಿಡ್ಕೊಳ್ಳಿ. ಇನ್ನೊಂದು ಮಾತು, 2025ರಲ್ಲಿ ಡಿಸ್ನಿ ತನ್ನ ಹೋಟೆಲ್ ಗೆಸ್ಟುಗಳಿಗೆ ಚೆಕ್‌ಇನ್ ದಿನ ವಾಟರ್ ಪಾರ್ಕ್ ಫ್ರೀ ಕೊಟ್ಟಿತ್ತು, ನಿಮ್ಮ ತಾರೀಖಿಗೆ ಆ ಆಫರ್ ಇದ್ರೆ ಬದಲಾಯಿಸೋ ದಿನವನ್ನ ವಾಟರ್ ಪಾರ್ಕಿಗೇ ಇಟ್ಬಿಡಿ, ಅರ್ಧ ದಿನ ಹಾಳಾಯ್ತು ಅನ್ನೋ ಮಾತೇ ಬರೋಲ್ಲ.

ಡಿಸ್ನಿ ಟಿಕೆಟ್ ವಿಷಯ ಬೇಗ ಹೇಳ್ಬಿಡ್ತೀನಿ. 4 ದಿನದ ಟಿಕೆಟ್ಟನ್ನ 7 ದಿನದೊಳಗೆ ಯಾವಾಗ ಬೇಕಾದ್ರೂ ಬಳಸ್ಬಹುದು, ಹಾಗಾಗಿ ಮಧ್ಯೆ ವಿಶ್ರಾಂತಿಗೆ ಜಾಗ ಇದೆ. ರೂಮು ಬೇರೆ, ಟಿಕೆಟ್ ಬೇರೆ ಕೊಳ್ಳಿ, ಎರಡು ಹೋಟೆಲ್ ಇರುವಾಗ ಒಂದಕ್ಕೆ ಮಾತ್ರ ಪ್ಯಾಕೇಜ್ ಅಂತ ಟಿಕೆಟ್ ಅಂಟಿಸಿದ್ರೆ ಮುಂದೆ ತಾರೀಖು ಬದಲಾಯಿಸುವಾಗ ತಲೆನೋವು. 3 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಮೂರನೇದು ಯೂನಿವರ್ಸಲ್, ಒಂದೇ ರಾತ್ರಿ. ಇಡೀ ಪ್ಲಾನಿನ ಅತಿ ಒಳ್ಳೇ ಲೆಕ್ಕ ಇದೇ. ಯೂನಿವರ್ಸಲ್‌ನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಅನ್ನೋ 3 ಪ್ರೀಮಿಯರ್ ಹೋಟೆಲುಗಳಲ್ಲಿ ಉಳ್ಕೊಂಡವರಿಗೆ ಉದ್ದ ಕ್ಯೂ ತಪ್ಪಿಸೋ ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್ ಪಾಸ್ ರೂಮಿನ ಬಾಡಿಗೆಯಲ್ಲೇ ಸೇರಿರುತ್ತೆ, ರೂಮಲ್ಲಿ ಹೆಸರಿರೋ ಪ್ರತಿಯೊಬ್ಬರಿಗೂ, ಅದೂ ಚೆಕ್‌ಇನ್ ದಿನವೂ ಪೂರ್ತಿ, ಚೆಕ್‌ಔಟ್ ದಿನವೂ ಪೂರ್ತಿ. ಅಂದ್ರೆ ಒಂದು ರಾತ್ರಿ ದುಡ್ಡಿಗೆ ಎರಡು ದಿನದ ಪಾಸ್. ಗರ್ದಿ ದಿನಗಳಲ್ಲಿ ಆ ಪಾಸನ್ನ ಬೇರೆಯಾಗಿ ಕೊಂಡ್ರೆ ತಲೆಗೆ ದಿನಕ್ಕೆ 100 ಡಾಲರ್ ದಾಟುತ್ತೆ, ನಾಲ್ಕು ಜನ, ಎರಡು ದಿನ ಅಂತ ಗುಣಿಸಿ ನೋಡಿ, ರೂಮ್ ಬಾಡಿಗೆ ಪಕ್ಕದಲ್ಲಿ ಇಟ್ಟು ನೋಡಿ, ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಪಾರ್ಕಿನ ಎಂಟ್ರಿ ಟಿಕೆಟ್ ಮಾತ್ರ ಬೇರೆ ಕೊಳ್ಬೇಕು. ಈ ಪಾಸ್ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಎರಡಕ್ಕೆ ಮಾತ್ರ, ಎಪಿಕ್‌ಗೆ ನಡೆಯೋಲ್ಲ, ವಾಟರ್ ಪಾರ್ಕಿಗೂ ಇಲ್ಲ. ಈ ಎರಡು ಪಾರ್ಕುಗಳ ಮಧ್ಯೆ ಓಡೋ, ಹ್ಯಾರಿ ಪಾಟರ್ ಕಥೆಯ ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ರೈಲು ಹತ್ತೋಕೆ ಎರಡೂ ಪಾರ್ಕಿಗೆ ಒಂದೇ ದಿನ ಹೋಗೋ ಪಾರ್ಕ್-ಟು-ಪಾರ್ಕ್ ಟಿಕೆಟ್ ಬೇಕು.

ರೂಮು ಸಿಗೋದು ಸಂಜೆ 4ಕ್ಕೆ, ಆದ್ರೆ ನೀವು ಬೆಳಿಗ್ಗೆಯೇ ಹೋಗಿ ಚೆಕ್‌ಇನ್ ಮಾಡಿ ಬ್ಯಾಗ್ ಅಲ್ಲೇ ಬಿಟ್ಟು ಪಾಸ್ ತಗೊಂಡು ಪಾರ್ಕಿಗೆ ನಡೀಬಹುದು, ದೋಣಿಯೂ ಇದೆ. ಹಾಗಂತ ಡಿಸ್ನಿಯವರು ಬ್ಯಾಗ್ ಇಲ್ಲಿಗೆ ತರೋಲ್ಲ, ನೀವೇ ಟ್ಯಾಕ್ಸಿಗೆ ಹಾಕ್ಕೊಂಡು ಬರ್ಬೇಕು, ಐದಾರು ಜನ ಇದ್ರೆ ದೊಡ್ಡ ಗಾಡಿ ಕರೀರಿ. ಮತ್ತೆ ಚೆಕ್‌ಔಟ್ ದಿನ ಫ್ಲೈಟ್ ಹಿಡಿಯೋ ಪ್ಲಾನ್ ಖಂಡಿತ ಬೇಡ, ಆ ದಿನದ ಪಾಸ್ ಪೂರ್ತಿ ಹಾಳು. ರಾತ್ರಿವರೆಗೂ ಆಡಿ, ಏರ್‌ಪೋರ್ಟ್ ಹತ್ತಿರ ಸಾದಾ ಹೋಟೆಲಲ್ಲಿ ಮಲಗಿ ಮರುದಿನ ಹೊರಡಿ. ಇದಕ್ಕಿಂತ ಹೆಚ್ಚು ಹೋಟೆಲ್ ಸೇರಿಸ್ಬೇಡಿ, ಮಕ್ಕಳೂ ಸುಸ್ತು ನೀವೂ ಸುಸ್ತು.

ಮ್ಯಾಜಿಕ್ ಕಿಂಗ್‌ಡಮ್‌ಗೆ ನಡೆದೇ ಹೋಗ್ಬಹುದಾದ ಕಂಟೆಂಪರರಿ ಹೋಟೆಲ್ ಬಗ್ಗೆ ಕೇಳೋರಿಗೆ: ರಾತ್ರಿ ಪಟಾಕಿ ಮುಗಿದ ಮೇಲೆ ಬಸ್ಸಿಗೂ ಮೋನೋರೈಲಿಗೂ ಭಾರೀ ಕ್ಯೂ ಇರುವಾಗ ನಿದ್ದೆ ಹೋದ ಮಗುವನ್ನ ಹೆಗಲಿಗೆ ಹಾಕ್ಕೊಂಡು ಹತ್ತು ಹದಿನೈದು ನಿಮಿಷದಲ್ಲಿ ರೂಮ್ ಸೇರೋದು ನಿಜಕ್ಕೂ ದೊಡ್ಡ ಸುಖ. ಪುಟ್ಟ ಮಕ್ಕಳಿದ್ರೆ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಒಂದು ರಾತ್ರಿ ಕಮ್ಮಿ ಮಾಡಿ ಅದರ ಮುಂಚೆ ಇಲ್ಲಿ ಒಂದು ರಾತ್ರಿ, ಯೂನಿವರ್ಸಲ್ ಬಿಟ್ಬಿಡಿ, ಅವರ ಎತ್ತರಕ್ಕೆ ಅಲ್ಲಿನ ಎಷ್ಟೋ ರೈಡುಗಳಿಗೆ ಬಿಡೋದೂ ಇಲ್ಲ.

ಕೊನೆಗೆ ದುಡ್ಡು. ಕಾಣೋ ಬಾಡಿಗೆ ಮೇಲೆ ಸುಮಾರು ಹನ್ನೆರಡೂವರೆ ಪರ್ಸೆಂಟ್ ಟ್ಯಾಕ್ಸ್ ಬೀಳುತ್ತೆ, ನಮ್ಮ ಕಾರ್ಡಿನ ಫಾರೆಕ್ಸ್ ಮಾರ್ಕಪ್, ಅಂದ್ರೆ ಡಾಲರ್ ಖರ್ಚಿಗೆ ಬ್ಯಾಂಕ್ ಹಾಕೋ ಹೆಚ್ಚಿನ ಚಾರ್ಜ್, ಬೇರೆ. ಪ್ರತಿ ಹೋಟೆಲೂ ಚೆಕ್‌ಇನ್ ಆಗುವಾಗ ಕಾರ್ಡಲ್ಲಿ ಒಂದಿಷ್ಟು ಹಣ ಬ್ಲಾಕ್ ಮಾಡುತ್ತೆ, ವಾಪಸ್ ಬಿಡೋಕೆ ಕೆಲವು ದಿನ ಹಿಡಿಯುತ್ತೆ, ಮೂರು ಹೋಟೆಲ್ ಅಂದ್ರೆ ಮೂರು ಸಲ. ಫಾರೆಕ್ಸ್ ಕಾರ್ಡ್ ಅಥವಾ ಡೆಬಿಟ್ ಕಾರ್ಡ್ ಕೊಟ್ರೆ ಖರ್ಚಿಗೆ ಬೇಕಾದ ದುಡ್ಡೇ ಸಿಕ್ಕಿ ಹಾಕ್ಕೊಳ್ಳುತ್ತೆ, ಹೋಟೆಲ್ ಕೌಂಟರಲ್ಲಿ ಕ್ರೆಡಿಟ್ ಕಾರ್ಡನ್ನೇ ಕೊಡಿ, ಫಾರೆಕ್ಸ್ ಕಾರ್ಡನ್ನ ಊಟ ಟ್ಯಾಕ್ಸಿಗೆ ಇಟ್ಕೊಳ್ಳಿ. ಎಲ್ಲಾ ಬುಕಿಂಗ್‌ಗಳ ಪ್ರಿಂಟ್ ತಾರೀಖಿನ ಕ್ರಮದಲ್ಲಿ ಒಂದೇ ಫೈಲಲ್ಲಿ ಹಾಕಿ, ಸೀದಾ ಒರ್ಲ್ಯಾಂಡೊಗೇ ಹೋಗೋರು ಇಮಿಗ್ರೇಶನ್‌ನಲ್ಲಿ ಎಲ್ಲಿ ಇರ್ತೀರಿ ಅಂತ ಕೇಳಿದ್ರೆ ಮೊದಲ ಹೋಟೆಲಿನ ವಿಳಾಸ ತೋರಿಸಿ.