ಗುಂಡು ತಡೆಯುವ ಬಟ್ಟೆಗೆ ಚೂರಿ ಏಕೆ ಇಳಿಯುತ್ತದೆ

ಗುಂಡು ನಿರೋಧಕ ಜಾಕೆಟ್ ಚೂರಿಯನ್ನೂ ತಡೆಯುತ್ತದೆ ಎಂದು ನಂಬಿ ಆರ್ಡರ್ ಕೊಡುವವರೇ ಹೆಚ್ಚು. ಲೆಕ್ಕ ಹಾಕಿದರೆ ಅವರ ನಂಬಿಕೆಯಲ್ಲಿ ತಪ್ಪೂ ಕಾಣುವುದಿಲ್ಲ: ಸೆಕೆಂಡಿಗೆ 398 ಮೀಟರ್ ವೇಗದಲ್ಲಿ ಬರುವ 8 ಗ್ರಾಂನ 9 ಎಂಎಂ ಗುಂಡಿನ ಶಕ್ತಿ ಸುಮಾರು 630 ಜೂಲ್. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ (ಎನ್‌ಐಜೆ) ಮಾನದಂಡದ ಮೊದಲ ಹಂತದ ಚೂರಿ ಪರೀಕ್ಷೆಗೆ ಬರೀ 24 ಜೂಲ್. ಆದರೂ ಇಳಿಯುವುದು ಚೂರಿಯೇ.

ಗುಂಡಿನ ಮೂತಿ ಬಟ್ಟೆಗೆ ತಾಗಿದೊಡನೆ ಅಣಬೆಯಂತೆ ಅಗಲವಾಗುತ್ತದೆ. ಸಿಕ್ಕಿದ ಎಳೆಗಳೆಲ್ಲ ಬಿಗಿದು, ಆ ಸೆಳೆತ ಜಾಕೆಟ್‌ನ ಕೆವ್ಲಾರ್ ಎಂಬ ಗಟ್ಟಿ ಅರಾಮಿಡ್ ನಾರಿನಲ್ಲಿ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ವೇಗದಲ್ಲಿ ಆಚೀಚೆ ಹರಡುತ್ತದೆ. ಚೂರಿಯ ಅಲಗು ಹಾಗಲ್ಲ, ಒಂದು ಸಲಕ್ಕೆ ನಾಲ್ಕಾರು ಎಳೆಗಳನ್ನಷ್ಟೇ ಕೊಯ್ಯುತ್ತ ಹೋಗುತ್ತದೆ. ದಬ್ಬಣದಂಥ ಮೊನೆಯಾದರೆ ಕೊಯ್ಯುವುದೂ ಬೇಡ, ಎಳೆಗಳನ್ನು ಸರಿಸಿ ನುಗ್ಗುತ್ತದೆ.

ಹಾಗಾಗಿ ನಾವು ಪದರಗಳನ್ನು ಜೋಡಿಸಿದ ಎರಡು ಬೇರೆ ಬೇರೆ ಕಟ್ಟು (ಪ್ಯಾನೆಲ್) ಮಾಡುತ್ತೇವೆ. ಗುಂಡಿಗೆ 1000 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲಿನ, ಇಂಚಿಗೆ 31 ಹಾಸು, 31 ಹೊಕ್ಕು ಇರುವ, ಚದರ ಮೀಟರಿಗೆ 280 ಗ್ರಾಂ ತೂಗುವ ಬಟ್ಟೆ, 20 ಪದರ. ಚೂರಿಗೆ 200 ಡೆನಿಯರ್‌ನ ಸಣ್ಣ ನೂಲು, 70×70ರ ಬಿಗಿ ನೇಯ್ಗೆ. ಅದರ ಪದರ ಎಷ್ಟೆಂಬುದನ್ನು ಪರೀಕ್ಷೆ ಮಾಡಿಯೇ ಗೊತ್ತುಮಾಡಬೇಕು. ಉಕ್ಕಿನ ಉಂಗುರದ ಜಾಲರಿ ಅಲಗಿಗೆ ಚೆನ್ನ, ಆದರೆ ದಬ್ಬಣ ಉಂಗುರದೊಳಗೇ ತೂರುತ್ತದೆ.

ಮಾಮೂಲಿ ಕತ್ತರಿ ಅರಾಮಿಡ್ ಬಟ್ಟೆಯಲ್ಲಿ ಜಾರುತ್ತದೆ, ಬೇಗ ಮೊಂಡಾಗುತ್ತದೆ. ಸಣ್ಣ ಹಲ್ಲುಗಳಿರುವ ಕತ್ತರಿ ಬೇಕು. ಗುಂಡಿನ ಕಟ್ಟಿಗೆ ಮೂಲೆಗಳಲ್ಲಿ ಮಾತ್ರ ಹೊಲಿಗೆ. ಉದ್ದಕ್ಕೂ ಒತ್ತಾಗಿ ಹೊಲಿದರೆ ಗುಂಡು ತಾಗಿದಾಗ ಪ್ಯಾನೆಲ್ ಹಿಂದೆ ಬೀಳುವ ಕುಳಿಯೇನೋ ಕಡಿಮೆಯಾಗುತ್ತದೆ, ಆದರೆ ಸೂಜಿ ಎಳೆಗಳನ್ನು ಹರಿಯುತ್ತದೆ, ಪದರಗಳ ಸಡಿಲ ಹೋಗುತ್ತದೆ, ಪ್ಯಾನೆಲ್ ಸೆಟೆದು ಮೈಗೆ ಕೂರುವುದಿಲ್ಲ. ಕೊನೆಗೆ ಪಾಲಿಯುರೆಥೇನ್ ಲೇಪದ ನೈಲಾನ್ ಚೀಲದಲ್ಲಿಟ್ಟು, ಬಿಸಿಯಿಂದ ಅಂಚು ಬೆಸೆಯುತ್ತೇವೆ. ನೀರು ಸೇರಿದರೆ ನೂಲು ನೂಲಿನ ಮೇಲೆ ಜಾರಿ ತಡೆಯುವ ಬಲ ಕುಸಿಯುತ್ತದೆ, ಬಿಸಿಲು ನಾರನ್ನೇ ಹಾಳುಮಾಡುತ್ತದೆ. ನಾರಿನ ಬಾಳಿಕೆಯನ್ನು ಲಘುವಾಗಿ ಎಣಿಸಬಾರದು: 2003ರಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ, ಝೈಲಾನ್ ಎಂಬ ಇನ್ನೊಂದು ನಾರಿನ ಜಾಕೆಟ್ ಗುಂಡಿಗೆ ತೂತಾಯಿತು, 2005ರಲ್ಲಿ ಎನ್‌ಐಜೆ ಆ ನಾರನ್ನೇ ಕೈಬಿಟ್ಟಿತು.

ಪರೀಕ್ಷೆಯಲ್ಲಿ ಎಡವುವುದು ಜೇಡಿಯ ಹತ್ತಿರ. ಪ್ಯಾನೆಲ್ ಹಿಂದೆ ರೋಮಾ ಪ್ಲಾಸ್ಟಿಲಿನಾ ನಂ. 1 ಎಂಬ ಜೇಡಿ ತುಂಬಿದ ಪೆಟ್ಟಿಗೆ ಇರುತ್ತದೆ, ಕುಳಿಯ ಆಳ ಅಳೆಯುವುದು ಅದರಲ್ಲಿ. ಅದನ್ನು ಒವನ್‌ನಲ್ಲಿ ಬೆಚ್ಚಗೆ ಮಾಡಿ, 1043 ಗ್ರಾಂ ತೂಕದ, 63.5 ಮಿ.ಮೀ. ವ್ಯಾಸದ ಉಕ್ಕಿನ ಗೋಳವನ್ನು 2 ಮೀಟರ್ ಎತ್ತರದಿಂದ ಐದು ಸಲ ಬೀಳಿಸಿ ಜೇಡಿಯ ಮೆದುತನ ನೋಡಬೇಕು. ಎನ್‌ಐಜೆಯ ಗುಂಡಿನ ಮಾನದಂಡ 0101.06ರ ಪ್ರಕಾರ ಗುಳಿಯ ಸರಾಸರಿ ಆಳ 19 ಮಿ.ಮೀ., ಎರಡು ಹೆಚ್ಚು ಕಡಿಮೆ. ಜೇಡಿ ತಣ್ಣಗಾಗುತ್ತಿದ್ದಂತೆ ಗಟ್ಟಿಯಾಗುತ್ತದೆ. ಆಗ 44 ಮಿ.ಮೀ. ಮಿತಿ ದಾಟಬೇಕಿದ್ದ ಕುಳಿಯೂ 38 ತೋರಿಸಿ ಪಾಸಾಗಿಬಿಡಬಹುದು. ಅದಕ್ಕೇ ಗುಂಡು ಹಾರಿಸುವುದು ಮುಗಿದ ಮೇಲೂ ಗೋಳ ಬೀಳಿಸಿ ನೋಡುತ್ತೇವೆ. ಚೂರಿ ಪರೀಕ್ಷೆಗೆ ಜೇಡಿ ಬೇಡ, ನಿಯೋಪ್ರೀನ್, ಫೋಮ್, ರಬ್ಬರಿನ ಹಾಸು ಸಾಕು. 24 ಜೂಲ್‌ಗೆ ಅಲಗು ಪ್ಯಾನೆಲ್ ಹಿಂದೆ 7 ಮಿ.ಮೀ.ಗಿಂತ ಹೆಚ್ಚು ಹೊರಗೆ ಬರಬಾರದು.

ರೈಫಲ್ ಗುಂಡಿಗೆ ಬಟ್ಟೆ ಸಾಲದು, ಸೆರಾಮಿಕ್‌ನಂಥ ಗಟ್ಟಿ ಫಲಕವೇ ಬೇಕು. ಸೆರಾಮಿಕ್ ಫಲಕ ಕೆಳಗೆ ಬಿದ್ದರೆ ಹೊರಗೆ ಕಾಣದ ಬಿರುಕು ಬಿಡಬಹುದು, ಎಕ್ಸ್-ರೇ ತೆಗೆಸದೆ ತೊಡಬಾರದು. ಕೆಲವು ಫಲಕಗಳನ್ನು ಹಿಂದೆ ಮೃದು ಪ್ಯಾನೆಲ್ ಇಟ್ಟೇ ಪರೀಕ್ಷಿಸಿರುತ್ತಾರೆ. ಬರೀ ಫಲಕ ಕೊಳ್ಳುವ ಮುನ್ನ ಲೇಬಲ್ ಓದಿ.