ತಲೆಗೊಂದು ತೊಲೆ: ಆನ್‌ಲೈನ್ ಪರೀಕ್ಷೆಯ ನಕಲು ನಿಂತದ್ದು ಹೀಗೆ

2020ರ ಲಾಕ್‌ಡೌನ್ ಕಾಲದಲ್ಲಿ ಗೂಗಲ್ ಫಾರ್ಮ್ ಮೂಲಕ ನಡೆಸಿದ ಮೊದಲ ಆಂತರಿಕ ಪರೀಕ್ಷೆಯಲ್ಲಿ ನನ್ನ ಸಿವಿಲ್ ಎಂಜಿನಿಯರಿಂಗ್ ತರಗತಿಯ ಸುಮಾರು 60 ವಿದ್ಯಾರ್ಥಿಗಳ ಪೈಕಿ 50 ಮಂದಿಗೆ 30ಕ್ಕೆ 28ರ ಮೇಲೆ ಅಂಕ ಬಂದಿತ್ತು. ತೊಲೆಯ ಬಾಗುಬಲದ (ಭಾರವು ತೊಲೆಯನ್ನು ಬಗ್ಗಿಸುವ ಪ್ರಮಾಣದ) ಲೆಕ್ಕದಲ್ಲಿ ಹದಿನಾರೋ ಹದಿನೇಳೋ ಜನ ಒಂದೇ ಸಾಲಿನಲ್ಲಿ ಒಂದೇ ಚಿಹ್ನೆಯನ್ನು ತಪ್ಪು ಬರೆದಿದ್ದರು.

ಮೊದಲು ಪ್ರಶ್ನೆಗಳ ಕ್ರಮವನ್ನು ಬದಲಿಸಿದೆ. ಐದು ನಿಮಿಷದೊಳಗೆ ಎಲ್ಲದರ ಫೋಟೊ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ಸಮಯ ಕಡಿಮೆ ಮಾಡಿದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕುಳಿತಿದ್ದ ಮಲೆನಾಡಿನ ಹುಡುಗಿಯೊಬ್ಬಳಿಗೆ ಅದರಿಂದ ಅನ್ಯಾಯವಾಯಿತು, ಅದು ಇಂದಿಗೂ ನನ್ನನ್ನು ಕಾಡುತ್ತದೆ. ಪರೀಕ್ಷೆಯ ವೇಳೆ ಬೇರೇನೂ ತೆರೆಯದಂತೆ ತಡೆಯುವ ಸೇಫ್ ಎಕ್ಸಾಮ್ ಬ್ರೌಸರ್ ಆಂಡ್ರಾಯ್ಡ್‌ನಲ್ಲಿ ನಡೆಯುವುದಿಲ್ಲ, ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಜನರ ಬಳಿ ಇದ್ದದ್ದು ಆಂಡ್ರಾಯ್ಡ್ ಫೋನ್ ಮಾತ್ರ. ಕ್ಯಾಮೆರಾ ಕಣ್ಗಾವಲಿನ ಸೇವೆಯೊಂದಕ್ಕೆ ತಲೆಗೆ ಸುಮಾರು 80 ರೂಪಾಯಿಯಂತೆ ಐದು ಸಾವಿರದಷ್ಟನ್ನು ಕೈಯಿಂದಲೇ ಕೊಟ್ಟೆ. ಅದು ನಲವತ್ತು ಮಂದಿಯನ್ನು ಅನುಮಾನಿತರೆಂದು ಗುರುತಿಸಿತು; ಹೆಚ್ಚಿನವರದು ಒಂದೇ ಕೋಣೆಯ ಮನೆಯಾಗಿದ್ದು, ಹಿಂದೆ ತಾಯಿಯೋ ತಮ್ಮನೋ ಓಡಾಡಿದ್ದಷ್ಟೇ ಕಾರಣ.

ಕೊನೆಗೆ ಫಲಿಸಿದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಯುಎಸ್‌ಎನ್‌ನ (ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೆ ಕೊಡುವ ನೋಂದಣಿ ಸಂಖ್ಯೆಯ) ಕೊನೆಯ ಮೂರು ಅಂಕಿಗಳಿಂದ ತೊಲೆಯ ಉದ್ದ, ಭಾರ ಮತ್ತು ಭಾರ ಬೀಳುವ ಜಾಗವನ್ನು ಎಕ್ಸೆಲ್‌ನಲ್ಲಿ ಹುಟ್ಟಿಸಿ, ಮೇಲ್ ಮರ್ಜ್ ಮೂಲಕ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರಶ್ನೆಪತ್ರಿಕೆ ಕಳುಹಿಸಿದೆ. ಅಂಕಿಗಳನ್ನು ನೇರವಾಗಿ ಬಳಸುವುದಿಲ್ಲ, ನಡುವೆ ಒಂದು ಸೂತ್ರವಿದೆ. ವಿದ್ಯಾರ್ಥಿಗಳೂ ಓದುವರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮೌಲ್ಯಮಾಪನದಲ್ಲಿ ಒಬ್ಬನ ತಪ್ಪು ಉತ್ತರವನ್ನು ಉಳಿದವರೆಲ್ಲರ ಸರಿಯುತ್ತರಗಳೊಂದಿಗೆ ಹಾಳೆಯೇ ಹೋಲಿಸುತ್ತದೆ. ಹೊಂದಿಕೆಯಾದರೆ ಯಾರದನ್ನು ನೋಡಿ ಬರೆದನೆಂಬುದು ಅಲ್ಲೇ ಕಾಣುತ್ತದೆ. ಮೊದಲ ಬಾರಿ ಹನ್ನೊಂದು ಜನ ಹೀಗೆ ಸಿಕ್ಕರು, ತರಗತಿಯ ಸರಾಸರಿ 19ಕ್ಕೆ ಇಳಿಯಿತು. ಅಷ್ಟು ಪತ್ರಿಕೆ ಯಾರು ತಿದ್ದುತ್ತಾರೆಂದು ವಿಭಾಗದಲ್ಲಿ ಕೇಳಿದವರ ಮುಂದೆ ಒಂದೂವರೆ ಗಂಟೆಯಲ್ಲಿ ಮುಗಿಸಿ ತೋರಿಸಿದೆ.

ಈ ನಡುವೆ ಸಹೋದ್ಯೋಗಿಯೊಬ್ಬರ ವಿದ್ಯಾರ್ಥಿಗಳ ಸಿ ಪ್ರೋಗ್ರಾಂಗಳನ್ನು, ಪ್ರೋಗ್ರಾಂಗಳ ನಡುವಿನ ಹೋಲಿಕೆ ಪತ್ತೆ ಮಾಡುವ ಸ್ಟ್ಯಾನ್‌ಫರ್ಡ್‌ನ ಮಾಸ್ ತಂತ್ರಾಂಶಕ್ಕೆ ಹಾಕಿ ನೋಡಿದೆವು. ಚರಾಕ್ಷರಗಳ ಹೆಸರು ಬದಲಿಸಿದ್ದನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಇಪ್ಪತ್ತು ಸಾಲಿನ ಲ್ಯಾಬ್ ಪ್ರೋಗ್ರಾಂ ಪ್ರಾಮಾಣಿಕರದೂ ಒಂದೇ ತೆರನಾಗಿರುವುದರಿಂದ ಪ್ರಯೋಜನವಾಗಲಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಂಕಿ ಬದಲಿಸುವುದಷ್ಟೇ ಸಾಲದಾಯಿತು. ಈಗ ಆನ್‌ಲೈನ್ ಅಸೈನ್‌ಮೆಂಟ್‌ನ 30ರಲ್ಲಿ 10 ಅಂಕವನ್ನು ಎರಡು ನಿಮಿಷದ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಇಟ್ಟಿದ್ದೇನೆ. ಅವರದೇ ತೊಲೆಯನ್ನು ಮುಂದಿಟ್ಟು, ಭಾರವನ್ನು ಒಂದು ಮೀಟರ್ ಎಡಕ್ಕೆ ಸರಿಸಿದರೆ ಎಡ ಆಧಾರದ ಪ್ರತಿಕ್ರಿಯೆ (ಅದು ತೊಲೆಯನ್ನು ಮೇಲಕ್ಕೆ ಒತ್ತುವ ಬಲ) ಏನಾಗುತ್ತದೆಂದು ಕೇಳುತ್ತೇನೆ. ತಾನೇ ಬಿಡಿಸಿದವರು ಲೆಕ್ಕ ಹಾಕದೆಯೇ ಹೆಚ್ಚುತ್ತದೆ ಎನ್ನುತ್ತಾರೆ. ಇದಕ್ಕೆ ಎರಡು ಸಂಜೆಗಳು ಬೇಕು. ಕೈಯಲ್ಲಿ ಬರೆದ ಶಿಯರ್ ಫೋರ್ಸ್ (ತೊಲೆಯನ್ನು ಅಡ್ಡಲಾಗಿ ಕತ್ತರಿಸಲು ನೋಡುವ ಬಲ) ರೇಖಾಚಿತ್ರಗಳನ್ನು ಮಾತ್ರ ಇನ್ನೂ ಒಂದೊಂದಾಗಿ ಕಣ್ಣಿನಿಂದಲೇ ಹೋಲಿಸುತ್ತಿದ್ದೇನೆ.