ಐಫೋನ್ ಆ್ಯಪ್‌ಗೆ ಮೆಮೊರಿ ವಾರ್ನಿಂಗ್ ಬಂದಾಗ ಏನನ್ನು ಬಿಡಬೇಕು, ಹೇಗೆ?

ಫೋನ್‌ನಲ್ಲಿ ಮೆಮೊರಿ ಕಡಿಮೆಯಾದಾಗ ಐಒಎಸ್ ಆ್ಯಪ್‌ಗೆ ಕಳಿಸುವ ಎಚ್ಚರಿಕೆಯೇ ಮೆಮೊರಿ ವಾರ್ನಿಂಗ್. 2011ರಲ್ಲಿ ಐಒಎಸ್ 5ರ ಜೊತೆ ಎಆರ್‌ಸಿ (ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ಬಂದ ಮೇಲೆ ಕೈಯಾರೆ ರಿಟೇನ್ (ಹಿಡಿದಿಡು), ರಿಲೀಸ್ (ಬಿಡು) ಬರೆಯುವ ಕೆಲಸ ತಪ್ಪಿತು. ಆದರೆ ಎಆರ್‌ಸಿ ರೆಫರೆನ್ಸ್‌ಗಳನ್ನು ಎಣಿಸುತ್ತದೆ, ಅಷ್ಟೇ. ಯಾವ ಡೇಟಾ ಸದ್ಯಕ್ಕೆ ಬೇಡ ಎಂಬುದನ್ನು ನೀವೇ ತೀರ್ಮಾನಿಸಬೇಕು. ತಡಮಾಡಿದರೆ ಸಿಸ್ಟಮ್ ಆ್ಯಪನ್ನೇ ಮುಚ್ಚುತ್ತದೆ; ಆಗ ಮಾಮೂಲಿ ಕ್ರ್ಯಾಶ್ ಲಾಗ್ ಅಲ್ಲ, ಜೆಟ್‌ಸ್ಯಾಮ್ ರಿಪೋರ್ಟ್ (ಮೆಮೊರಿ ಸಾಲದೆ ಸಿಸ್ಟಮ್ ಆ್ಯಪ್ ಮುಚ್ಚಿದ ದಾಖಲೆ) ಹುಡುಕಬೇಕು.

ವ್ಯೂ ಕಂಟ್ರೋಲರ್‌ನಲ್ಲಿ (ಸ್ಕ್ರೀನ್ ನಿಭಾಯಿಸುವ ಕ್ಲಾಸ್) ಡಿಡ್‌ರಿಸೀವ್‌ಮೆಮೊರಿವಾರ್ನಿಂಗ್ ಮೆಥಡ್ ಓವರ್‌ರೈಡ್ ಮಾಡಿ, ಮೊದಲು ಸೂಪರ್ (ಮೂಲ ಕ್ಲಾಸ್‌ನ ಅದೇ ಮೆಥಡ್) ಕರೆಯಿರಿ. ಡಿಸ್ಕ್‌ನಿಂದಲೋ ಸರ್ವರ್‌ನಿಂದಲೋ ಮತ್ತೆ ತರಬಹುದಾದದ್ದನ್ನು ನಿಲ್ (ಖಾಲಿ) ಮಾಡಿ. ಬಳಕೆದಾರರು ಟೈಪ್ ಮಾಡಿ ಇನ್ನೂ ಸೇವ್ ಆಗದಿರುವುದನ್ನು ಮುಟ್ಟಬೇಡಿ. ಬೇರೆ ಕ್ಲಾಸ್‌ಗಳಾದರೆ ಇದೇ ವಾರ್ನಿಂಗ್‌ನ ನೋಟಿಫಿಕೇಶನ್‌ಗೆ ಅಬ್ಸರ್ವರ್ ಹಾಕಿದರಾಯಿತು. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಈ ಕೆಲಸ ವ್ಯೂಡಿಡ್‌ಅನ್‌ಲೋಡ್‌ನಲ್ಲಿ ಉಳಿದಿರುತ್ತದೆ. ಐಒಎಸ್ 6ರಿಂದ ಈಚೆಗೆ ಸಿಸ್ಟಮ್ ಅದನ್ನು ಕರೆಯುವುದೇ ಇಲ್ಲ.

ನಿಲ್ ಮಾಡಿದರೂ ಮೆಮೊರಿ ಇಳಿಯಲಿಲ್ಲವೇ? ಇನ್ನೆಲ್ಲೋ ಒಂದು ಸ್ಟ್ರಾಂಗ್ ರೆಫರೆನ್ಸ್ (ಆಬ್ಜೆಕ್ಟನ್ನು ಮೆಮೊರಿಯಲ್ಲೇ ಹಿಡಿದಿಡುವ ಕೊಂಡಿ) ಉಳಿದಿರುವ ಸಾಧ್ಯತೆಯೇ ಹೆಚ್ಚು. ಸೆಲ್ಫ್ ಹಿಡಿದಿಟ್ಟುಕೊಂಡ ಕ್ಲೋಶರ್ (ಆಮೇಲೆ ಓಡಿಸಲು ಇಟ್ಟ ಕೋಡ್ ತುಂಡು), ವೀಕ್ ಎಂದು ಗುರುತಿಸದ ಡೆಲಿಗೇಟ್, ರಿಪೀಟ್ ಆಗುವ ಟೈಮರ್: ಮೊದಲು ಈ ಮೂರನ್ನು ನೋಡಿ. ಟೈಮರ್ ತನ್ನ ಟಾರ್ಗೆಟ್ ಅನ್ನು ಗಟ್ಟಿಯಾಗಿ ಹಿಡಿದಿರುವುದರಿಂದ ಡಿಇನಿಟ್‌ನಲ್ಲಿ (ಆಬ್ಜೆಕ್ಟ್ ಅಳಿಯುವಾಗ ಓಡುವ ಕೋಡ್) ಇನ್‌ವ್ಯಾಲಿಡೇಟ್ (ಟೈಮರ್ ನಿಲ್ಲಿಸುವ ಕರೆ) ಬರೆದು ಪ್ರಯೋಜನವಿಲ್ಲ, ಡಿಇನಿಟ್ ಬರುವುದೇ ಇಲ್ಲ. ಸ್ಕ್ರೀನ್ ಮರೆಯಾಗುವಾಗಲೇ ನಿಲ್ಲಿಸಿ. ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ಎಕ್ಸ್‌ಕೋಡ್‌ನ ಮೆಮೊರಿ ಗ್ರಾಫ್‌ನಲ್ಲಿ ಕಾಣುತ್ತದೆ.

ಕ್ಯಾಶ್‌ಗೆ ಡಿಕ್ಷನರಿ ಬೇಡ, ಎನ್‌ಎಸ್‌ಕ್ಯಾಶ್ ಬಳಸಿ. ಒತ್ತಡ ಬಂದಾಗ ಅದು ತಾನೇ ಖಾಲಿಯಾಗುತ್ತದೆ. ಬಹಳ ಹೊತ್ತು ಮುಟ್ಟದ ಮೆಮೊರಿಯನ್ನು ಐಒಎಸ್ ಕಂಪ್ರೆಸ್ ಮಾಡಿಟ್ಟಿರುತ್ತದೆ. ವಾರ್ನಿಂಗ್ ಬಂದಾಗ ದೊಡ್ಡ ಡಿಕ್ಷನರಿ ಖಾಲಿ ಮಾಡಲು ಹೋದರೆ ಅದು ಮೊದಲು ಬಿಚ್ಚಿಕೊಳ್ಳಬೇಕು. ಬಳಕೆ ಇಳಿಯುವ ಮೊದಲು ಏರಿ, ಅಷ್ಟರಲ್ಲೇ ಆ್ಯಪ್ ಸತ್ತಿರಬಹುದು.

ನಿಜವಾದ ಹೊರೆ ಹೆಚ್ಚಾಗಿ ಫೋಟೊಗಳದ್ದು. ಫೈಲ್ ಸೈಜ್ ನೋಡಿ ಮೋಸಹೋಗಬೇಡಿ: 4000×3000 ಪಿಕ್ಸೆಲ್‌ನ ಚಿತ್ರ ಡಿಕೋಡ್ ಆದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ತಿನ್ನುತ್ತದೆ. ಆ್ಯಪಲ್‌ನ ಇಮೇಜ್ಐಒ ಲೈಬ್ರರಿಯ ಥಂಬ್‌ನೇಲ್ ಆಯ್ಕೆಯಿಂದ ಪರದೆಗೆ ಬೇಕಾದಷ್ಟೇ ಅಳತೆಗೆ ತೆರೆಯಿರಿ. ಸಾಲುಸಾಲು ಫೋಟೊ ಸಂಸ್ಕರಿಸುವ ಲೂಪ್‌ನ ಒಳಗೆ ಆಟೊರಿಲೀಸ್‌ಪೂಲ್ (ಪ್ರತಿ ಸುತ್ತಿನ ತಾತ್ಕಾಲಿಕ ಆಬ್ಜೆಕ್ಟ್‌ಗಳನ್ನು ಅಲ್ಲೇ ಬಿಟ್ಟುಬಿಡುವ ಬ್ಲಾಕ್) ಇರಲಿ. ಆ ಲೂಪ್ ಮೇನ್ ಥ್ರೆಡ್‌ನಲ್ಲಿ ಓಡಕೂಡದು. ವಾರ್ನಿಂಗ್ ಬರುವುದೂ ಅಲ್ಲಿಗೇ, ಲೂಪ್ ಮುಗಿಯುವವರೆಗೆ ಅದು ನಿಮ್ಮ ಕೈ ಸೇರುವುದಿಲ್ಲ.

ಸಿಮ್ಯುಲೇಟರ್‌ನ ಡೀಬಗ್ ಮೆನುವಿನಲ್ಲಿ ಸಿಮ್ಯುಲೇಟ್ ಮೆಮೊರಿ ವಾರ್ನಿಂಗ್ ಒತ್ತಿ ಕೋಡ್ ಪರೀಕ್ಷಿಸಬಹುದು. ಆದರೆ ಸಿಮ್ಯುಲೇಟರ್ ಬಳಸುವುದು ಮ್ಯಾಕ್‌ನ ಮೆಮೊರಿಯನ್ನು. ಮಿತಿ ಮೀರಿದರೆ ಏನಾಗುತ್ತದೆಂದು ತಿಳಿಯಲು ನೀವು ಬೆಂಬಲಿಸುವ ಅತಿ ಹಳೆಯ ಫೋನ್‌ನಲ್ಲೇ ಓಡಿಸಿ.